ಐದು ವಾರದ ಕರೆಂಟ್ ಯಾರಿಗೆ ಬೇಕು?

ಸ್ತನ ಕ್ಯಾನ್ಸರಿನಲ್ಲಿ ಗಂಟನ್ನಷ್ಟೇ ತೆಗೆದು ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೆ ವಿಕಿರಣ ಚಿಕಿತ್ಸೆ, ಜನರ ಬಾಯಲ್ಲಿ ‘ಕರೆಂಟ್’, ಬೇಕೆಂಬುದರಲ್ಲಿ ದೊಡ್ಡ ತಕರಾರಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ದಾಖಲೆ ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ, ಹತ್ತು ವರ್ಷದೊಳಗೆ ರೋಗ ಮರುಕಳಿಸುವ ಪ್ರಮಾಣ ಶೇ 35ರಿಂದ 19ಕ್ಕೆ ಇಳಿದಿತ್ತು. ತಕರಾರು ಇರುವುದು ಅವಧಿಯಲ್ಲಿ. ವಾರಕ್ಕೆ ಐದರಂತೆ 25 ಸಲ, ಒಟ್ಟು 50 ಗ್ರೇ (ವಿಕಿರಣದ ಅಳತೆ) ಎಂಬುದು ಹಳೆಯ ಪದ್ಧತಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹೆಣ್ಣುಮಕ್ಕಳಿಗೆ ಅದರರ್ಥ, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಮಿರಜಿನಲ್ಲೋ ಐದು ವಾರ ಕೋಣೆ ಹಿಡಿದು ಇರುವುದು. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಕಾರ್ಡ್ ಆದೀತು. ನಿಂತ ಮಗ್ಗಕ್ಕೆ, ತಪ್ಪಿದ ಕಬ್ಬಿನ ಕೂಲಿಗೆ ಯಾವ ಕಾರ್ಡೂ ಇಲ್ಲ. ‘ಪೂರ್ತಿ ತೆಗೆದುಬಿಡ್ರಿ, ಕರೆಂಟ್ ಬ್ಯಾಡ’ ಎಂಬ ನಿರ್ಧಾರ ಹುಟ್ಟುವುದು ಇಲ್ಲೇ. ಅದೂ ಖಾತ್ರಿಯ ದಾರಿಯಲ್ಲ: ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿದ್ದರೆ ಸ್ತನ ತೆಗೆದ ಮೇಲೂ ವಿಕಿರಣ ಬೇಕಾಗಬಹುದು.

ಹಳೆಯ ಪದ್ಧತಿಗೆ ಈಗ ಪುರಾವೆಯ ಬಲವೂ ಉಳಿದಿಲ್ಲ. ಬ್ರಿಟನ್ನಿನ ‘ಸ್ಟಾರ್ಟ್-ಬಿ’ ಪ್ರಯೋಗದಲ್ಲಿ 15 ಸಲಕ್ಕೆ 40 ಗ್ರೇ ಪಡೆದವರಲ್ಲಿ ಹತ್ತು ವರ್ಷಕ್ಕೆ ರೋಗ ಅದೇ ಭಾಗದಲ್ಲಿ ಮರಳಿದ್ದು ಶೇ 4.3, ಐದು ವಾರ ಪಡೆದವರಲ್ಲಿ ಶೇ 5.5. 2020ರ ‘ಫಾಸ್ಟ್-ಫಾರ್ವರ್ಡ್’ ಪ್ರಯೋಗದ ವರದಿ ಐದೇ ದಿನದ 26 ಗ್ರೇ ಕೂಡ ಮೂರು ವಾರದ ಚಿಕಿತ್ಸೆಗೆ ಕಡಿಮೆಯಿಲ್ಲವೆಂದು ತೋರಿಸಿತು. ಒಂದೊಂದು ದಿನದ ಪ್ರಮಾಣ ಹೆಚ್ಚಿದರೆ ಅಪಾಯವಲ್ಲವೇ ಎಂಬ ಆಕ್ಷೇಪ ಸುಳ್ಳಲ್ಲ. ಅದೇ ಪ್ರಯೋಗದಲ್ಲಿ 27 ಗ್ರೇ ಪಡೆದವರಿಗೆ ಸ್ತನದ ಅಡ್ಡಪರಿಣಾಮ ಹೆಚ್ಚಾಯಿತು. ಒಂದು ಗ್ರೇ ಅಂತರವೂ ಲೆಕ್ಕಕ್ಕೆ ಬರುವುದರಿಂದ, ಅಳತೆ ಪಕ್ಕಾ ಇರುವ ಕೇಂದ್ರದಲ್ಲಷ್ಟೇ ಐದು ದಿನದ ಮಾತು. ಆ ಪ್ರಯೋಗದಲ್ಲಿದ್ದವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು ಎಂಬುದೂ ನಿಜ. ಹಾಗಾಗಿ ಚಿಕ್ಕ ವಯಸ್ಸಿನವರಿಗೆ, ಗ್ರಂಥಿಗಳಿಗೂ ವಿಕಿರಣ ಬೇಕಾದವರಿಗೆ ಮೂರು ವಾರದ ಕ್ರಮವೇ ಇರಲಿ. ಗಂಟಿದ್ದ ಜಾಗಕ್ಕೆ ಹೆಚ್ಚುವರಿ ಪ್ರಮಾಣ ಬೇಕಾದರೆ ಕೆಲವು ದಿನ ಕೂಡಲಿ. ಇವು ಯಾವುವೂ 25ಕ್ಕೆ ಮರಳಲು ಕಾರಣವಾಗುವುದಿಲ್ಲ.

ಅರವತ್ತೈದು ದಾಟಿದ, ಸಣ್ಣ ಗಂಟಿನ, ಹಾರ್ಮೋನ್ ಮಾತ್ರೆಗೆ ಬಗ್ಗುವ ರೋಗದವರಿಗೆ ವಿಕಿರಣವನ್ನೇ ಬಿಡಬಹುದೆನ್ನುತ್ತದೆ ‘ಪ್ರೈಮ್-2’ ಪ್ರಯೋಗ. ಹತ್ತು ವರ್ಷದಲ್ಲಿ ಬಿಟ್ಟವರ ಸ್ತನದಲ್ಲಿ ರೋಗ ಮರಳಿದ್ದು ಶೇ 9.5, ಪಡೆದವರಲ್ಲಿ ಶೇ 0.9, ಬದುಕುಳಿದವರ ಪ್ರಮಾಣ ಮಾತ್ರ ಸಮ. ಆದರೆ ಈ ಲೆಕ್ಕ ನಿಂತಿರುವುದು ವರ್ಷಗಟ್ಟಲೆ ತಪ್ಪದೆ ನುಂಗುವ ಮಾತ್ರೆಯ ಮೇಲೆ. ನೋವಿಲ್ಲದ ರೋಗಕ್ಕೆ ಮಾತ್ರೆ ನಡುವೆ ನಿಲ್ಲುವುದು ಸುಲಭ. ಹಾಗೆ ಮಾತ್ರೆ ನಿಲ್ಲಿಸಬಹುದಾದವರಿಗೆ ಐದು ವರ್ಷದ ಮಾತ್ರೆಯೊಂದನ್ನೇ ನಂಬುವುದಕ್ಕಿಂತ ಐದು ದಿನದ ವಿಕಿರಣವನ್ನೂ ಮುಗಿಸಿಕೊಂಡು ಬರುವುದು ಮೇಲು. ಪೂರ್ತಿಯಾಗುವ ಚಿಕಿತ್ಸೆಯೇ ಒಳ್ಳೆಯ ಚಿಕಿತ್ಸೆ. ಇನ್ನು ಮುಂದೆ 25 ದಿನ ಬರೆದುಕೊಡುವ ವೈದ್ಯರು ಅದಕ್ಕೆ ಕಾರಣವನ್ನೂ ಬರೆಯಬೇಕು. ಮನೆಯವರು ಆ ಕಾರಣ ಕೇಳಬೇಕು.