ಏನೋ ತಿಂದಿರ್ಬೇಕು ಕಣಪ್ಪ

2008ರ ಆಗಸ್ಟ್ 17, ಬೀಜಿಂಗ್ ಒಲಿಂಪಿಕ್ಸ್, ಮಹಿಳೆಯರ 50 ಮೀಟರ್ ಫ್ರೀಸ್ಟೈಲ್ ಫೈನಲ್. ಜರ್ಮನಿಯ ಬ್ರಿಟಾ ಸ್ಟೆಫೆನ್ 24.06 ಸೆಕೆಂಡಿನಲ್ಲಿ ಗೋಡೆ ಮುಟ್ಟಿ ಚಿನ್ನ ಗೆದ್ದಳು. ಅಮೆರಿಕದ ಡಾರಾ ಟೊರೆಸ್ 24.07, ಬೆಳ್ಳಿ. ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್ 24.17, ಕಂಚು. ಕ್ಯಾಂಪ್‌ಬೆಲ್‌ಗೆ ಆಗ 16 ವರ್ಷ. ಟೊರೆಸ್‌ಗೆ 41, ಮನೆಯಲ್ಲಿ ಎರಡು ವರ್ಷದ ಮಗಳು. ಟೊರೆಸ್ ಮೊದಲ ಒಲಿಂಪಿಕ್ ಚಿನ್ನ ಗೆದ್ದಿದ್ದು 1984ರಲ್ಲಿ, ಅಂದರೆ ಕ್ಯಾಂಪ್‌ಬೆಲ್ ಹುಟ್ಟುವುದಕ್ಕೂ ಎಂಟು ವರ್ಷ ಮೊದಲು.

ಈ ಕತೆ ಹೇಳಿದಾಗಲೆಲ್ಲ ನನಗೆ ಎರಡೇ ಥರದ ಉತ್ತರ ಸಿಗುತ್ತವೆ. ಒಂದು, ಆಫೀಸಿನ ಗೆಳೆಯರದು: "ನೋಡಿದ್ಯಾ, ಏಜ್ ಈಸ್ ಜಸ್ಟ್ ಎ ನಂಬರ್." ಟೊರೆಸ್ 2009ರಲ್ಲಿ ಬರೆದ ಪುಸ್ತಕದ ಹೆಸರೂ ಅದೇ. ಇನ್ನೊಂದು, ನಮ್ಮೂರು ಬೇಗೂರಿನದು. ಬೇಗೂರು ಅಂದ ಕೂಡಲೇ ನೀವು ಹೊಸೂರು ರಸ್ತೆ ಕಡೆಯ ಬೇಗೂರು ಅಂದುಕೊಳ್ಳಬೇಡಿ. ನಮ್ಮದು ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಹೋಗುವಾಗ ಸಿಗುವ ಬೇಗೂರು. ಅಲ್ಲಿ ನಮ್ಮ ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಅಷ್ಟ್ ವಯಸ್ಸಾದ್ಮ್ಯಾಲ ಸುಮ್‌ಸುಮ್ನ ಆಗದಾ? ಏನೋ ತಿಂದಿರ್ಬೇಕು ಕಣಪ್ಪ."

ನನ್ನ ತಕರಾರು ಎರಡೂ ಮಾತಿನ ಮೇಲಿದೆ. ಒಂದು ಮಾತು ಟೊರೆಸ್‌ಳನ್ನು ಪೂಜೆ ಮಾಡುತ್ತದೆ, ಇನ್ನೊಂದು ಅಪರಾಧಿ ಮಾಡುತ್ತದೆ. ಏನು ನಡೆದಿರಬಹುದು ಅಂತ ವಿಚಾರಿಸುವ ಶ್ರಮ ಮಾತ್ರ ಎರಡರಲ್ಲೂ ಇಲ್ಲ.

ಮೊದಲು ಗುಮಾನಿಯ ಕಡೆಯ ವಾದ ನೋಡೋಣ. ಅದು ಪೂರ್ತಿ ಹೊಟ್ಟೆಕಿಚ್ಚಿನ ಮಾತೇನಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದೇ 50 ಮೀಟರ್‌ಗೆ ಟೊರೆಸ್ ತೆಗೆದುಕೊಂಡಿದ್ದು 24.63 ಸೆಕೆಂಡ್. ಆಗ ಆಕೆಗೆ 33. ಎಂಟು ವರ್ಷ ಕಳೆದು, ಒಂದು ಹೆರಿಗೆಯೂ ಆದ ಮೇಲೆ ಅರ್ಧ ಸೆಕೆಂಡಿಗೂ ಹೆಚ್ಚು ಬೇಗ ಈಜಿದಳು. ಈ ಓಟದಲ್ಲಿ ಅರ್ಧ ಸೆಕೆಂಡ್ ಅಂದರೆ ಪದಕಕ್ಕೂ ಬರಿಗೈಯಲ್ಲಿ ಮನೆಗೆ ಹೋಗುವುದಕ್ಕೂ ಇರುವ ದೂರ. ಜೊತೆಗೆ, ವಯಸ್ಸಾದಂತೆ ದೇಹ ಮೊದಲು ಕಳೆದುಕೊಳ್ಳುವ ಸಂಗತಿಗಳಲ್ಲಿ ಸುಧಾರಿಸಿಕೊಳ್ಳುವ ಶಕ್ತಿಯೂ ಒಂದು. ಇವತ್ತು ಮೈ ಮುರಿಯುವಂತೆ ಅಭ್ಯಾಸ ಮಾಡಿದರೆ ನಾಳೆ ಬೆಳಿಗ್ಗೆ ಮತ್ತೆ ನೀರಿಗಿಳಿಯಲು ಆಗಬೇಕಲ್ಲ? ಅನಬಾಲಿಕ್ ಸ್ಟೀರಾಯ್ಡ್‌ಗಳು ಸಹಾಯ ಮಾಡುವುದು ಸರಿಯಾಗಿ ಅಲ್ಲೇ. ಹಾಗಾಗಿ ಪ್ರಶ್ನೆ ಕೇಳುವುದು ತಪ್ಪಲ್ಲ.

ಆದರೆ ಅದೇ ಅರ್ಧ ಸೆಕೆಂಡಿಗೆ ಬೇರೆ ಲೆಕ್ಕಗಳೂ ಇವೆ. 2008ರ ಫೆಬ್ರವರಿಯಲ್ಲಿ ಸ್ಪೀಡೊ ಕಂಪನಿಯ ಎಲ್‌ಝಡ್‌ಆರ್ ರೇಸರ್ ಅನ್ನುವ ಈಜುಡುಗೆ ಬಂತು. ಆ ವರ್ಷ ಮತ್ತು ಮುಂದಿನ ವರ್ಷ ವಿಶ್ವದಾಖಲೆಗಳು ರಾಶಿರಾಶಿಯಾಗಿ ಬಿದ್ದವು. ಕೊನೆಗೆ 2010ರ ಜನವರಿಯಿಂದ ಅಂಥ ಉಡುಗೆಗಳನ್ನೇ ನಿಷೇಧಿಸಬೇಕಾಯಿತು. 50 ಮೀಟರ್ ಅಂದರೆ 25 ಸೆಕೆಂಡಿನೊಳಗೆ ಮುಗಿಯುವ ಸ್ಪರ್ಧೆ. ಅದರಲ್ಲಿ ದಮ್ಮಿಗಿಂತ ಜಿಗಿತ, ನೀರಿನಲ್ಲಿ ಮೈ ಹಿಡಿಯುವ ರೀತಿ, ಸ್ನಾಯುಬಲ ಮುಖ್ಯ. ಇವು ಬೇಗ ಸವೆಯುವುದಿಲ್ಲ. ಅಮೆರಿಕದವನೇ ಆದ ಆಂಥನಿ ಎರ್ವಿನ್ ಪುರುಷರ 50 ಮೀಟರ್‌ನಲ್ಲಿ 19ನೇ ವಯಸ್ಸಿಗೆ ಸಿಡ್ನಿಯಲ್ಲಿ ಚಿನ್ನ ಗೆದ್ದ, ಮತ್ತೆ 35ನೇ ವಯಸ್ಸಿಗೆ ರಿಯೋದಲ್ಲಿ ಗೆದ್ದ. ಇನ್ನು ಟೊರೆಸ್ ಬೆನ್ನಿಗೆ ಕೋಚ್‌ಗಳು, ಮೈ ಎಳೆದು ಸಡಿಲಿಸುವವರು, ಮಸಾಜ್ ಮಾಡುವವರು ಹೀಗೆ ಒಂದು ಪಡೆಯೇ ಇತ್ತು. ಅಷ್ಟು ಜನರನ್ನು ಇಟ್ಟುಕೊಳ್ಳುವ ದುಡ್ಡೂ ಇತ್ತು. "ವಯಸ್ಸು ಬರೀ ನಂಬರ್" ಅನ್ನುವ ಘೋಷಣೆ ಮುಚ್ಚಿಡುವುದು ಇದನ್ನೇ. ನಲವತ್ತೊಂದರ ದೇಹವನ್ನು ಆ ಮಟ್ಟದಲ್ಲಿ ಇಟ್ಟುಕೊಳ್ಳಲು ಖರ್ಚಿದೆ, ಅದು ಎಲ್ಲರ ಕೈಗೆ ಎಟುಕುವುದಲ್ಲ.

ನಮ್ಮಲ್ಲಿ ನಲವತ್ತರ ಈಜುಗಾರರು ಕಾಣದಿರುವುದಕ್ಕೂ ಇದೇ ಕಾರಣ. ಬೆಂಗಳೂರಿನ ನಿಶಾ ಮಿಲೆಟ್ ಸಿಡ್ನಿಯಲ್ಲಿ ಈಜಿದಾಗ 18 ವರ್ಷ. ಶಿಖಾ ಟಂಡನ್ 2004ರಲ್ಲಿ ಅಥೆನ್ಸ್‌ಗೆ ಹೋದಾಗ 19. ಇಂಥವರಿಗೆ ಇಪ್ಪತ್ತೈದರ ಹೊತ್ತಿಗೆ ಓದು, ಕೆಲಸ, ಸಂಸಾರ ಎದುರಿಗೆ ಬಂದು ನಿಲ್ಲುತ್ತವೆ. ಇಪ್ಪತ್ತರಲ್ಲೇ ಈಜು ಬಿಡುವುದನ್ನು ನೋಡಿ ನೋಡಿ, ಅದೇ ದೇಹದ ಮಿತಿ ಅಂತ ನಾವು ನಂಬಿಬಿಟ್ಟಿದ್ದೇವೆ. ಮೂವತ್ತೈದು ದಾಟಿದವನು ಇನ್ನೂ ಕೋಡ್ ಬರೆಯುತ್ತಿದ್ದರೆ ನಮ್ಮ ಆಫೀಸುಗಳಲ್ಲಿ ಹೇಗೆ ನೋಡುತ್ತಾರೆ, ನಿಮಗೇ ಗೊತ್ತು.

ಇನ್ನು ವಯಸ್ಸನ್ನೇ ಸಾಕ್ಷಿ ಮಾಡಿಕೊಂಡರೆ ಏನಾಗುತ್ತದೆ? 1996ರಲ್ಲಿ ಅಟ್ಲಾಂಟಾದಲ್ಲಿ ಐರ್ಲೆಂಡಿನ ಮಿಶೆಲ್ ಸ್ಮಿತ್ ಮೂರು ಚಿನ್ನ ಗೆದ್ದಾಗ ಆಕೆಗೆ 26. ಆಗ ಅದೇ ಜಾಸ್ತಿ ವಯಸ್ಸು! ಗುಸುಗುಸು ಶುರುವಾಯಿತು. ಎರಡು ವರ್ಷದ ನಂತರ ಮೂತ್ರದ ಮಾದರಿಯಲ್ಲಿ ಆಲ್ಕೋಹಾಲ್ ಬೆರೆಸಿ ಕೆಡಿಸಿದ್ದಾಳೆಂದು ನಾಲ್ಕು ವರ್ಷ ನಿಷೇಧ ಆಯಿತು. ಅಟ್ಲಾಂಟಾದ ಪದಕಗಳು ಮಾತ್ರ ಇವತ್ತಿಗೂ ಆಕೆಯ ಹತ್ತಿರವೇ ಇವೆ. "ನೋಡಿ, ನಾವು ಹೇಳಿರಲಿಲ್ಲವಾ" ಅನ್ನುವವರಿಗೆ ಇದೊಂದು ಒಳ್ಳೆಯ ಉದಾಹರಣೆ. ಆದರೆ 2012ರಲ್ಲಿ ಲಂಡನ್‌ನಲ್ಲಿ ಚೀನಾದ ಯೆ ಶಿವೆನ್ ಮೇಲೆ ಗುಮಾನಿ ಬಂದಾಗ ಆಕೆಗೆ ಬರೀ 16 ವರ್ಷ. ಅಂದರೆ ಚಿಕ್ಕವಳಾದರೂ ಅನುಮಾನ, ದೊಡ್ಡವಳಾದರೂ ಅನುಮಾನ. ಇನ್ನೊಂದು ಕಡೆ, ಪೂರ್ವ ಜರ್ಮನಿ ದಶಕಗಟ್ಟಲೆ ಹಾರ್ಮೋನ್ ಮಾತ್ರೆ ನುಂಗಿಸಿದ್ದು ಹದಿಹರೆಯದ ಹುಡುಗಿಯರಿಗೆ. ಹಾಗಿದ್ದಮೇಲೆ ಹುಟ್ಟಿದ ವರ್ಷ ನೋಡಿ ಕಳ್ಳರನ್ನು ಹಿಡಿಯಲು ಆಗುವುದಿಲ್ಲ.

ಇಷ್ಟಕ್ಕೂ ನಮ್ಮ ಗುಮಾನಿ ಎಲ್ಲರ ಮೇಲೂ ಒಂದೇ ಥರ ಬೀಳುತ್ತದಾ? 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದಾಗ ನನ್ನ ಒಂದು ವಾಟ್ಸ್ಯಾಪ್ ಗುಂಪಿನಲ್ಲೂ "ಏನು ತಿಂದ" ಅಂತ ಯಾರೂ ಕೇಳಲಿಲ್ಲ. ಕೇಳಲು ಕಾರಣವೂ ಇರಲಿಲ್ಲ, ಎಲ್ಲರೂ ಯೋಗ ಅಂದೆವು, ಶಿಸ್ತು ಅಂದೆವು, ಹೆಮ್ಮೆಪಟ್ಟೆವು. ಅದೇ ಸೌಜನ್ಯ ಪರದೇಶದವಳಿಗೆ ಯಾಕಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ. ನಮ್ಮವರು ಸಿಕ್ಕಿಬಿದ್ದಾಗಲೂ ನಮ್ಮ ತಕ್ಕಡಿ ಬೇರೆಯೇ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು, 2011ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್‌ನಿಂದ ಆಯಿತು ಅನ್ನುವ ವಿವರಣೆ ಬಂತು. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ನಾವು "ಪಾಪ ಹುಡುಗಿ, ಕೋಚ್ ಕೆಡಿಸಿದ" ಅಂದೆವು. ಆ ಮಾತು ನಿಜವೂ ಇರಬಹುದು. ಆದರೆ ಚೀನಾದ ಹುಡುಗಿಗೆ ನಾವು ಯಾವತ್ತಾದರೂ ಪಾಪ ಅಂದಿದ್ದೇವಾ?

ನಮ್ಮೂರ ಕಡೆ ಚೆಂಡುಹೂವು ಬೆಳೆಯುತ್ತಾರೆ. ಪಕ್ಕದವನ ಹೊಲ ತುಂಬಿ ನಿಂತರೆ "ಅದೇನ್ ಹೊಡ್ದಿದ್ದನೋ" ಅನ್ನುವುದು ವಾಡಿಕೆ. ಅವನ ಬೋರ್‌ನಲ್ಲಿ ಎಷ್ಟು ನೀರಿದೆ, ಮನೆಯವರೆಲ್ಲ ಎಷ್ಟು ಹೊತ್ತಿಗೆ ಹೊಲಕ್ಕೆ ಹೋಗುತ್ತಾರೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಒಂದೊಂದು ಸಲ ಅವನು ನಿಜವಾಗಿಯೂ ಏನೋ ಹೊಡೆದಿರುತ್ತಾನೆ ಅನ್ನಿ. ಅದು ಗೊತ್ತಾಗಬೇಕಾದರೆ ಹೂವನ್ನು ಪರೀಕ್ಷೆಗೆ ಕಳಿಸಬೇಕು, ಜಗಲಿ ಮೇಲೆ ಕೂತು ಹೇಳಲು ಆಗುವುದಿಲ್ಲ.

ಟೊರೆಸ್ ಮಾಡಿದ್ದು ಅದನ್ನೇ. ಜನ ಅನುಮಾನಪಡುತ್ತಾರೆ ಅಂತ ಗೊತ್ತಿದ್ದು, ಅಮೆರಿಕದ ಡೋಪಿಂಗ್ ವಿರೋಧಿ ಸಂಸ್ಥೆ ಉಸಾಡಾ ನಡೆಸಿದ ಹೆಚ್ಚುವರಿ ರಕ್ತ-ಮೂತ್ರ ಪರೀಕ್ಷೆಯ ಯೋಜನೆಗೆ ತಾನಾಗಿಯೇ ಸೇರಿಕೊಂಡಳು. ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳಲಿಲ್ಲ. ಅದರಿಂದ ಎಲ್ಲ ಸಾಬೀತಾಯಿತಾ? ಇಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಪರೀಕ್ಷೆಗಳನ್ನು ದಾಟಿದವನೇ. ಮಾಡಿಲ್ಲ ಅನ್ನುವುದನ್ನು ಯಾರೂ ಪೂರ್ತಿ ಸಾಬೀತು ಮಾಡಲಾರರು. ಅಕ್ರಮ ಮಾಡದವಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಏನಿದೆ? ಅದಕ್ಕೇ ನನ್ನ ನಂಬಿಕೆ ಮತ್ತು ಅಪನಂಬಿಕೆ ಎರಡನ್ನೂ ಆಟಗಾರ್ತಿಯ ಮೈಮೇಲಿಂದ ತೆಗೆದು ವ್ಯವಸ್ಥೆಯ ಮೇಲೆ ಇಡುತ್ತೇನೆ. ಸ್ಪರ್ಧೆ ಇಲ್ಲದ ದಿನಗಳಲ್ಲಿ ಹೇಳದೆ ಕೇಳದೆ ಎಷ್ಟು ಸಲ ಪರೀಕ್ಷೆ ಮಾಡಿದರು? ರಕ್ತದ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುತ್ತಾರಾ? ಮಾದರಿಗಳನ್ನು ಕಾಪಾಡಿಟ್ಟು ಹೊಸ ವಿಧಾನ ಬಂದಾಗ ಮತ್ತೆ ಪರೀಕ್ಷಿಸುತ್ತಾರಾ? ಬೀಜಿಂಗ್ ಒಲಿಂಪಿಕ್ಸ್‌ನ ಮಾದರಿಗಳನ್ನು 2016ರಲ್ಲಿ ಮತ್ತೆ ಪರೀಕ್ಷಿಸಿದಾಗಲೇ ಎಷ್ಟೋ ಪದಕಗಳು ವಾಪಸ್ ಹೋಗಿದ್ದು.

ಇದೇ ಪ್ರಶ್ನೆಗಳನ್ನು ನಮ್ಮ ದೇಶಕ್ಕೂ ಕೇಳಬೇಕು. ದೆಹಲಿಯಲ್ಲಿರುವ ನಮ್ಮ ಡೋಪಿಂಗ್ ಪ್ರಯೋಗಾಲಯದ ಮಾನ್ಯತೆಯನ್ನು ವಾಡಾ 2019ರಲ್ಲಿ ಅಮಾನತು ಮಾಡಿತ್ತು, ವಾಪಸ್ ಸಿಕ್ಕಿದ್ದು 2021ರ ಕೊನೆಗೆ. 2023ರಲ್ಲಿ ಭಾರತ ಪರೀಕ್ಷಿಸಿದ 5,606 ಮಾದರಿಗಳಲ್ಲಿ ಶೇ. 3.8ರಷ್ಟು ಪಾಸಿಟಿವ್ ಬಂದವು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲಿ ಇದು ತೀರಾ ಮೇಲಿನ ಪ್ರಮಾಣ. ಪರದೇಶದ ಅಮ್ಮಂದಿರ ವಯಸ್ಸು ಎಣಿಸುವ ಮೊದಲು ಈ ಅಂಕಿ ನಮ್ಮ ನಿದ್ದೆ ಕೆಡಿಸಬೇಕಿತ್ತು.

ಅಂದ ಹಾಗೆ, ಶಿಖಾ ಟಂಡನ್ ಈಜು ಬಿಟ್ಟ ಮೇಲೆ ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಓದಿ, ಉಸಾಡಾದ ವಿಜ್ಞಾನ ವಿಭಾಗದಲ್ಲೇ ಕೆಲಸ ಮಾಡಿದರು. ನೂರನೇ ಒಂದು ಸೆಕೆಂಡಿನ ಬೆಲೆ ಗೊತ್ತಿದ್ದವರೊಬ್ಬರು ಆ ಸೆಕೆಂಡು ನ್ಯಾಯವಾಗಿ ಬಂದಿದೆಯೇ ಅಂತ ನೋಡುವ ಕಡೆಗೆ ಹೋದರು. ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ಅಂಗಾದ್ರ ಸರಿ, ಗೊತ್ತಿರೋರು ನೋಡ್ಲಿ" ಅಂದರು.