ಪ್ರಸ್ತಾರದ ಪಾಠ, ಕಂಪ್ಯೂಟರಿನ ಗಣಿತ

ನಾಗವರ್ಮನ ‘ಛಂದೋಂಬುಧಿ’ಯನ್ನು ಮನಸಾರೆ ಹೊಗಳುವವರೂ ಅದರ ಷಟ್‌ಪ್ರತ್ಯಯಗಳ ಭಾಗ ಬಂದೊಡನೆ ಪುಟ ಮಗುಚುವುದುಂಟು. ಹತ್ತನೆಯ ಶತಮಾನದ ಕೊನೆಯ ಈ ಗ್ರಂಥವನ್ನು ಕಿಟೆಲ್ ಅವರು ೧೮೭೫ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ನಮಗೆ ರುಚಿಸಿದ್ದು ಕನ್ನಡದ ಜಾತಿಗಳು, ಅಂಶಗಣಗಳು. ಪ್ರಸ್ತಾರ, ನಷ್ಟ, ಉದ್ದಿಷ್ಟಗಳೆಂದರೆ ‘ಬರಿಯ ಲೆಕ್ಕದಾಟ’ ಎಂದು ನಾನೂ ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದವನೇ. ಆ ತೀರ್ಪು ಅವಸರದ್ದೆಂದು ನನಗೆ ಕಾಣಿಸಿದವಳು ಈ ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ಹುಡುಗಿ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಈಗ ಮೈಸೂರಿನಲ್ಲಿ ಬಿ.ಸಿ.ಎ. ಮೊದಲ ವರ್ಷದಲ್ಲಿರುವವಳು. ರಜೆಯಲ್ಲಿ ಒಂದು ದಿನ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಹಿಡಿದು ಮನೆಗೆ ಬಂದಳು. ಡಿಸ್ಕ್ರೀಟ್ ಗಣಿತ, ಎಂದರೆ ಬಿಡಿಬಿಡಿಯಾಗಿ ಎಣಿಸಬಲ್ಲ ವಸ್ತುಗಳ ಗಣಿತ. “ಪ್ರೋಗ್ರಾಂ ಬರೆಯೋದನ್ನ ಕಲಿಸಿದರೆ ಸಾಲದೆ ಸಾರ್, ಇದೆಲ್ಲ ಯಾಕೆ?” ಎಂದಳು. ನನಗೇನು ಗೊತ್ತು! ಸುಮ್ಮನೆ ಪುಟ ತಿರುವಿದೆ. ಒಂದು ಕಡೆ ಸೊನ್ನೆ ಒಂದುಗಳ ಎಂಟು ಸಾಲುಗಳಿದ್ದವು. ಸೊನ್ನೆಯ ಜಾಗದಲ್ಲಿ ಗುರು, ಒಂದರ ಜಾಗದಲ್ಲಿ ಲಘು ಇಟ್ಟೆ: ಮೂರಕ್ಷರದ ಪ್ರಸ್ತಾರ!

ಅವಳಿಗೆ ಉದ್ದಿಷ್ಟದ ರೀತಿ ತೋರಿಸಿದೆ. ಅಕ್ಷರಗಳ ಮೇಲೆ ಕ್ರಮವಾಗಿ ೧, ೨, ೪ ಬರೆದು, ಲಘುವಿನ ಮೇಲಿನ ಅಂಕಿಗಳನ್ನು ಕೂಡಿಸಿ, ಒಂದು ಸೇರಿಸಿದರೆ ಸಾಲಿನ ಸಂಖ್ಯೆ ಸಿಗುತ್ತದೆ. ನಮ್ಮ ಹೊಳೆಯ ಹೆಸರು ‘ಕಬಿನಿ’; ಮೂರೂ ಲಘು; ಎಂಟನೆಯ ಸಾಲು. ಅದೇ ಹೊಳೆಯನ್ನು ‘ಕಪಿಲಾ’ ಎಂದರೆ ಕೊನೆಯದು ಗುರು, ನಾಲ್ಕನೆಯ ಸಾಲು. ನಷ್ಟವು ಇದರ ವಿಲೋಮ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧಿಸು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧಿಸು. ಅಕ್ಷರಗಳು ಮುಗಿಯುವವರೆಗೆ ಹೀಗೆಯೇ. ಸಾಲು ಹೇಳಿದರೆ ವಿನ್ಯಾಸ ಬರುತ್ತದೆ. “ನಾವು ಸಂಖ್ಯೆಯನ್ನ ಬೈನರಿಗೆ ಇಳಿಸೋದೂ ಹೀಗೇ ಅಲ್ಲವೆ ಸಾರ್?” ಎಂದು ಅವಳ ಮುಖ ಅರಳಿತು.

ಇದರ ಬೆಲೆಯನ್ನು ‘ಅಧ್ವಯೋಗ’ವೆಂಬ ಕಡೆಯ ಪ್ರತ್ಯಯ ತಿಳಿಸುತ್ತದೆ. ಅದು ಪ್ರಸ್ತಾರವನ್ನು ಬರೆಯಲು ಬೇಕಾದ ಜಾಗದ ಲೆಕ್ಕ: ಸಾಲಿಗೊಂದು ಅಂಗುಲ, ನಡುವಿನ ತೆರಪಿಗೊಂದು ಅಂಗುಲ. ಉತ್ಪಲಮಾಲೆಯಂತೆ ಇಪ್ಪತ್ತಕ್ಷರದ ಪಾದಕ್ಕೆ ಸಾಲುಗಳು ೧೦,೪೮,೫೭೬. ಅಂಗುಲವನ್ನು ಮುಕ್ಕಾಲು ಇಂಚೆಂದರೂ ಸುಮಾರು ನಲವತ್ತು ಕಿಲೋಮೀಟರು ಉದ್ದದ ಬರಹ. ಕೋಟೆಯಿಂದ ಹಾಸುತ್ತ ಹೋದರೆ ಮೈಸೂರಿನ ದಾರಿಯ ಬಹುಪಾಲು ಮುಗಿಯುತ್ತದೆ. ನಷ್ಟವನ್ನು ಬಲ್ಲವನಾದರೋ ಇಪ್ಪತ್ತೇ ಹೆಜ್ಜೆಯಲ್ಲಿ ಬೇಕಾದ ಸಾಲನ್ನು ಹಿಡಿಯುತ್ತಾನೆ. ಎಲ್ಲವನ್ನೂ ಬರೆದು ಹುಡುಕುವುದಕ್ಕೂ ಜಾಣತನದಿಂದ ಲೆಕ್ಕ ಹಾಕುವುದಕ್ಕೂ ಇರುವ ಈ ಅಂತರವನ್ನು ಅರಿಯದವನು ಪ್ರೋಗ್ರಾಂ ಬರೆದಾನು; ಅದು ಎಂದು ಮುಗಿದೀತೆಂದು ಹೇಳಲಾರ. ಹುಡುಗಿಯ ‘ಯಾಕೆ’ಗೆ ಉತ್ತರ ಇಲ್ಲಿತ್ತು.

ಆದರೆ ಮರುಪ್ರಶ್ನೆ ಅವಳದು: “ಎಷ್ಟೇ ಅಕ್ಷರ ಇದ್ದರೂ ಇದು ಸರಿ ಬರುತ್ತೇಂತ ಹೇಗೆ ಗೊತ್ತು ಸಾರ್?” ಇಷ್ಟು ವರ್ಷ ಪಾಠ ಹೇಳಿದ ನಾನು ಕೇಳಿಕೊಂಡಿರದ ಪ್ರಶ್ನೆ ಅದು. ಅವಳೇ ಪುಸ್ತಕ ನೋಡಿ ಬಿಡಿಸಿದಳು: ಇರುವ ಪ್ರತಿಯೊಂದು ವಿನ್ಯಾಸದ ಕೊನೆಗೂ ಗುರುವನ್ನಾದರೂ ಹಚ್ಚಬಹುದು, ಲಘುವನ್ನಾದರೂ ಹಚ್ಚಬಹುದು, ಆದ್ದರಿಂದ ಅಕ್ಷರ ಒಂದು ಹೆಚ್ಚಿದರೆ ಸಾಲುಗಳು ಇಮ್ಮಡಿ. ಒಂದಕ್ಷರಕ್ಕೆ ಎರಡು ಸಾಲೆಂಬುದು ನಿಜವಾದರೆ ಮುಂದಿನದೆಲ್ಲ ನಿಜ.

ನಮ್ಮ ಶಾಸ್ತ್ರದ ಮಿತಿಯೂ ಇಲ್ಲಿಯೇ ಕಾಣುತ್ತದೆ. ಸೂತ್ರ ‘ಹೇಗೆ’ ಎಂಬುದನ್ನು ಹೇಳಿ ‘ಏಕೆ’ ಎಂಬುದನ್ನು ಓದುವವನಿಗೆ ಬಿಡುತ್ತದೆ. ಅಧ್ಯಾಪಕರಾದ ನಾವು ಅದನ್ನು ಅಲ್ಲಿಯೇ ಬಿಟ್ಟುಬಿಟ್ಟೆವು. ಪೂರ್ವಿಕರು ಕಂಪ್ಯೂಟರನ್ನು ಕಂಡಿದ್ದರೆಂಬ ಜಂಬ ಬೇಡ. ತರ್ಕವನ್ನು ಬೀಜಗಣಿತವಾಗಿಸಿದ ಬೂಲ್‌ನ ೧೮೫೪ರ ಗ್ರಂಥ, ಅದನ್ನು ವಿದ್ಯುನ್ಮಂಡಲಕ್ಕೆ ಹೊಂದಿಸಿದ ಷಾನನ್‌ನ ೧೯೩೭ರ ಪ್ರಬಂಧ, ಇವು ಬೇರೆಯೇ ಸಾಧನೆಗಳು. ಆದರೂ ಡೊನಾಲ್ಡ್ ಕ್ನೂತ್ ತನ್ನ ಕಂಪ್ಯೂಟರ್ ಗ್ರಂಥದಲ್ಲಿ ಭಾರತದ ಛಂದಸ್ಸಿನವರಿಗೆ ಸ್ಥಳ ಕೊಟ್ಟಿದ್ದಾನೆ; ನಾವು ನಮ್ಮ ಪಾಠದಲ್ಲಿ ಕೊಟ್ಟಿಲ್ಲ.

ಕಾವ್ಯಕ್ಕೆ ಇದರಿಂದೇನು ಲಾಭ ಎನ್ನುವಿರಾ? ಹತ್ತು ಲಕ್ಷಕ್ಕೂ ಮಿಕ್ಕ ದಾರಿಗಳಿದ್ದೂ ಪಂಪನಂಥವರು ಇಪ್ಪತ್ತಕ್ಷರದಲ್ಲಿ ಉತ್ಪಲಮಾಲೆಯನ್ನೂ ಮತ್ತೇಭವಿಕ್ರೀಡಿತವನ್ನೂ ಮತ್ತೆ ಮತ್ತೆ ಆರಿಸಿಕೊಂಡರು. ಎಣಿಕೆ ಕವಿತೆಯನ್ನು ಕೊಡದು, ನಿಜ. ಆದರೆ ಬಿಟ್ಟುದೆಷ್ಟೆಂಬುದು ತಿಳಿದಾಗಲೇ ಆರಿಸಿದವನ ಕಿವಿ ಎಂಥದೆಂಬುದು ತಿಳಿಯುವುದು.

ಆ ಹುಡುಗಿಗೆ ಗಣಿತ ಬಾರದೆ ಇರಲಿಲ್ಲ. ಅದು ಬಂದ ಭಾಷೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಗುರು-ಲಘು ಹಾಕುವುದನ್ನು ಅವಳು ಹೈಸ್ಕೂಲಿನಲ್ಲಿಯೇ ಕಲಿತಿದ್ದಳು. ಅಲ್ಲಿಂದ ಇಲ್ಲಿಗೆ ಒಂದೇ ಹೆಜ್ಜೆ ಎಂದು ಹೇಳುವವರಿರಲಿಲ್ಲ. ಹೇಳಬೇಕಾಗಿದ್ದವರು ಕನ್ನಡ ಮೇಷ್ಟರಾದ ನಾವು.