ಕಾಲಜ್ಞಾನಕ್ಕೆ ಕಾಣದ ಕಡತ

ಕೇಡಿನ ನಾಳೆಯನ್ನು ಮುಂಗಂಡು ನುಡಿಯುವುದನ್ನು ಕನ್ನಡ ಜಾರ್ಜ್ ಆರ್ವೆಲ್‌ನಿಂದ ಕಲಿಯಲಿಲ್ಲ. ಸುರಪುರ ಸೀಮೆಯ ಕೊಡೇಕಲ್ ಬಸವಣ್ಣ ಮತ್ತು ಅವನ ಪಂಥದವರು ಹದಿನಾರನೆಯ ಶತಮಾನದಲ್ಲೇ ಕಾಲಜ್ಞಾನ ಹಾಡಿದರು. ರಾಜ್ಯಗಳು ಅಳಿಯುತ್ತವೆ, ದೊರೆಗಳು ನೀತಿಗೆಡುತ್ತಾರೆ, ಹಸಿವು ಹಬ್ಬುತ್ತದೆ. ಆ ಪಂಥದ ಬರಹಗಳಲ್ಲಿ ಕೆಲವು ಹೊರಗಿನವರಿಗೆ ಓದಲು ಬಾರದ ಅಮರಗನ್ನಡ ಲಿಪಿಯಲ್ಲಿವೆ. ಮಾತು ಯಾರ ಕೈಗೆ ಬೀಳಬೇಕು, ಯಾರ ಕೈಗೆ ಬೀಳಬಾರದು ಎಂಬ ಎಚ್ಚರ ಆಗಲೇ ಇತ್ತೆನ್ನಬೇಕು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳಲ್ಲೂ ಇಂಥ ಮರೆಮಾತಿನ ಬೆಡಗು ಉಂಟು. ಕೊಳಕೂರಿನಿಂದ ಅಫಜಲಪುರ, ಆಳಂದದವರೆಗಿನ ಕಲಬುರಗಿ ಜಿಲ್ಲೆಯ ಈ ನೆಲಕ್ಕೆ ಆಳುವವರನ್ನು ಅನುಮಾನಿಸುವ ಸಾಹಿತ್ಯ ಹೊಸದಲ್ಲ.

ಆದರೆ ಈ ಪರಂಪರೆಗೆ ಒಂದು ಮಿತಿಯಿದೆ. ಕಾಲಜ್ಞಾನದಲ್ಲಿ ಕೇಡು ಹುಟ್ಟುವುದು ಯುಗದ ದೋಷದಿಂದ, ಇಲ್ಲವೇ ದೊರೆಯ ದುರ್ನಡತೆಯಿಂದ. ಕೊನೆಗೆ ವೀರವಸಂತರಾಯನೆಂಬ ಒಳ್ಳೆಯ ದೊರೆ ಬಂದು ಎಲ್ಲವನ್ನೂ ಸರಿಪಡಿಸುತ್ತಾನೆ. ಯೆವ್ಗೆನಿ ಜಮ್ಯಾತಿನ್‌ನಿಂದ ಆರ್ವೆಲ್‌ವರೆಗಿನ ಪಾಶ್ಚಾತ್ಯ ಕಾದಂಬರಿಕಾರರು ಈ ಭರವಸೆಯನ್ನೇ ಕಿತ್ತುಹಾಕಿದರು. 1949ರಲ್ಲಿ ಬಂದ ಆರ್ವೆಲ್‌ನ ಕಾದಂಬರಿಯಲ್ಲಿ ಎಲ್ಲರೂ ನೆನಪಿಡುವುದು ಗೋಡೆಯ ಮೇಲಿನ ಕಣ್ಣನ್ನು. ನನಗೆ ಅದಕ್ಕಿಂತ ಭಯಂಕರವಾಗಿ ಕಾಣುವುದು ನಾಯಕ ವಿನ್‌ಸ್ಟನ್ ಸ್ಮಿತ್‌ನ ನೌಕರಿ. ಹಳೆಯ ಪತ್ರಿಕೆಗಳನ್ನು ತಿದ್ದುವುದು, ಬೇಡವಾದವರ ಹೆಸರನ್ನು ದಾಖಲೆಯಿಂದ ಅಳಿಸುವುದು. ದುಷ್ಟನಲ್ಲದ ಗುಮಾಸ್ತನೊಬ್ಬ ಸಂಬಳಕ್ಕಾಗಿ ಮಾಡುವ ಕೆಲಸ ಅದು. ಕಾಲಜ್ಞಾನಿಗೆ ಅರಮನೆ ಕಂಡಿತ್ತು, ಕಚೇರಿ ಕಂಡಿರಲಿಲ್ಲ.

ನವ್ಯರು ಆ ಕಚೇರಿಯ ಬಾಗಿಲವರೆಗೆ ಹೋದರು. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ ಸಂಚಿನ ಭಯಕ್ಕೆ ಪ್ರಾರ್ಥನೆಯೇ ನಿಷೇಧವಾಗುತ್ತದೆ. ಆದರೂ ನಾಟಕದ ಕಣ್ಣು ದೊರೆಯ ಅಂತರಂಗದ ಮೇಲೇ ನೆಟ್ಟಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ವಿಚಾರಣೆಯ ಕತೆ. ಆರೋಪವೇನೆಂದು ತಿಳಿಯುವ ಮೊದಲೇ ನಾಗಪ್ಪ ಅಪರಾಧಿಯಂತೆ ಬೆವರುತ್ತಾನೆ. ಕನ್ನಡದಲ್ಲಿ ಕಡತದ ಭಯವನ್ನು ಇಷ್ಟು ಆಳವಾಗಿ ಬರೆದ ಇನ್ನೊಂದು ಕೃತಿ ನನಗೆ ಕಾಣದು. ಆದರೆ ಚಿತ್ತಾಲರು ಬೇಗನೆ ಪಾತ್ರದ ಬಾಲ್ಯಕ್ಕೆ, ಪಾಪಪ್ರಜ್ಞೆಗೆ ಹೊರಳುತ್ತಾರೆ. ವ್ಯವಸ್ಥೆ ಮಬ್ಬಾಗಿಯೇ ಉಳಿಯುತ್ತದೆ. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಮಧ್ಯಮವರ್ಗದ ಮನೆಯೊಳಗೆ ವದಂತಿ, ಅನುಮಾನಗಳು ನುಗ್ಗುವುದನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ನೋಟವೂ ನಗರದ್ದೇ.

ಸೆನ್ಸಾರ್‌ಶಿಪ್‌ನ ವಿಷಯದಲ್ಲಂತೂ ಪಾಶ್ಚಾತ್ಯ ಮಾದರಿ ನಮಗೆ ಅರ್ಧ ಮಾತ್ರ ಒಪ್ಪುತ್ತದೆ. ಪ್ರಭುತ್ವ ಇಲ್ಲಿ ಸುಮ್ಮನಿತ್ತೆಂದಲ್ಲ. ನಿಜಾಮರ ಕಾಲದಲ್ಲಿ ಸಭೆ ಸೇರಲು ಮುಂಗಡ ಅಪ್ಪಣೆ ಬೇಕೆಂಬ ಗಸ್ತಿ ನಿಶಾನ್ 53 ಇತ್ತು. ‘ಸಂಸ್ಕಾರ’ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆ ಹಾಕಿತು. ಅದೇ ಚಿತ್ರ ಆಮೇಲೆ ಸ್ವರ್ಣಕಮಲ ಪಡೆಯಿತು. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಸೇರಿ, ಹೊರಬಂದ ಸ್ವಲ್ಪ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಆದರೆ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯ ಕತೆ ಬೇರೆ. ಸಮುದಾಯದ ಭಾವನೆಗೆ ಧಕ್ಕೆಯಾಯಿತೆಂಬ ಕೂಗೆದ್ದಿತು, ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪಕ್ಕದ ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಪುಸ್ತಕದ ಬರಹಕ್ಕಾಗಿ ಮೊದಲು ಮಾತು ಹಿಂತೆಗೆದುಕೊಳ್ಳಬೇಕಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಗುಂಡಿಗೆ ಬಲಿಯಾದರು. ರೇ ಬ್ರ್ಯಾಡ್‌ಬರಿಯ ಕಾದಂಬರಿಯಲ್ಲಿ ಪುಸ್ತಕ ಸುಡುವವರು ಸರ್ಕಾರಿ ನೌಕರರು. ನಮ್ಮಲ್ಲಿ ಆ ಕೆಲಸ ಶುರುವಾಗಲು ನೌಕರರು ಬೇಕಾಗಲಿಲ್ಲ.

ಕದ್ದು ಕೇಳುವುದರ ಇತಿಹಾಸವೂ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಫೋನ್ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆ 1988ರಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು. ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಇವೆರಡೂ ದೊಡ್ಡ ಸುದ್ದಿಗಳಾದವು, ದೊಡ್ಡ ಕಾದಂಬರಿಗಳಾಗಲಿಲ್ಲ.

ಕಾದಂಬರಿಯಾಗದ ಇನ್ನೊಂದು ಸುದ್ದಿ ಆಳಂದದ್ದು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯುವಂತೆ ನಮೂನೆ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದವು 24; ಉಳಿದ 5,994 ತಪ್ಪು. ಬೇರೆ ಮತದಾರರ ಹೆಸರಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ, ಅರ್ಜಿ ಹಾಕಲಾಗಿತ್ತೆಂಬ ದೂರುಗಳು ಬಂದವು. ಆಗಲೇ ಪೊಲೀಸ್ ಪ್ರಕರಣ ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ತಪ್ಪಿತಸ್ಥರು ಯಾರೆಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ವಿಮರ್ಶಕ ಗಮನಿಸಬೇಕಾದ್ದು ಬೇರೆ. ಬದುಕಿರುವವನ ಹೆಸರನ್ನು ದಾಖಲೆಯಿಂದ ಅಳಿಸಲು ಯತ್ನಿಸುವುದಕ್ಕೆ ಸರ್ವಾಧಿಕಾರಿ ಬೇಕಿಲ್ಲ, ಒಂದು ಮೊಬೈಲ್ ನಂಬರು ಸಾಕು ಎಂಬುದನ್ನು ಆರ್ವೆಲ್ ಕೂಡ ಊಹಿಸಿರಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಈ ಸಂಚು ಕೈಗೂಡದೆ ಹೋದದ್ದು ಬೂತ್ ಮಟ್ಟದ ಸಿಬ್ಬಂದಿ ಮತ್ತು ಊರವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರಿಂದ.

ಕನ್ನಡದ ದುಸ್ವಪ್ನ ಸಾಹಿತ್ಯ ಭಯವನ್ನು ಬಲ್ಲದು, ಭಯ ಹುಟ್ಟಿಸುವ ಕಾರ್ಯವಿಧಾನವನ್ನು ಅರಿಯದು. ಅದು ಈಗಲೂ ಕೆಟ್ಟ ದೊರೆಯನ್ನು ಬೈಯುತ್ತದೆ, ಒಳ್ಳೆಯ ದೊರೆಗೆ ಕಾಯುತ್ತದೆ. ಹೊಸ ಬರಹಗಾರರು ಬೆಂಗಳೂರಿನ ಕ್ಯಾಮೆರಾಗಳಿಗಿಂತ ಮೊದಲು ತಮ್ಮ ತಾಲೂಕಿನ ತಹಶೀಲ್ದಾರ್ ಕಚೇರಿ, ಪಡಿತರದ ಬೆರಳಚ್ಚು ಯಂತ್ರ, ಮತದಾರರ ಪಟ್ಟಿಗಳನ್ನು ಓದಲಿ. ಬರಬೇಕಾದ ಕಾದಂಬರಿಯ ಸಾಮಗ್ರಿ ಅಲ್ಲಿದೆ.